ಗಡುವಿಗೆ ಇಟ್ಟ ಅಡಿಗಲ್ಲು: 1911ರ ನವದೆಹಲಿ ಶಂಕುಸ್ಥಾಪನೆಯ ಪ್ರಕರಣ ಅಧ್ಯಯನ

1911ರ ಡಿಸೆಂಬರ್ 15ರಂದು ಚಕ್ರವರ್ತಿ ಐದನೇ ಜಾರ್ಜ್ ಮತ್ತು ರಾಣಿ ಮೇರಿ ತಮ್ಮ ಪಟ್ಟಾಭಿಷೇಕದ ದರ್ಬಾರಿಗೆಂದು, ಅಂದರೆ ರಾಜಸಭೆಗೆಂದು, ದೆಹಲಿಯ ಉತ್ತರಕ್ಕೆ ಹಾಕಿದ್ದ ಬಿಡಾರದಲ್ಲಿ ಎರಡು ಅಡಿಗಲ್ಲು ಇಟ್ಟರು. ಭಾರತದ ಹೊಸ ರಾಜಧಾನಿಯ ಶಂಕುಸ್ಥಾಪನೆ ಅದು. ಆದರೆ ಆ ಕಲ್ಲುಗಳ ಮೇಲೆ ಒಂದು ವರಸೆ ಗೋಡೆಯೂ ಏಳಲಿಲ್ಲ. ಮರುವರ್ಷ ಬಂದ ತಜ್ಞರ ಸಮಿತಿ ಆ ಜಾಗ ರಾಜಧಾನಿಗೆ ಲಾಯಕ್ಕಲ್ಲ ಎಂದಿತು. ನಗರ ಎದ್ದದ್ದು ಅಲ್ಲಿಂದ ಸುಮಾರು 10 ಕಿಲೋಮೀಟರ್ ದಕ್ಷಿಣಕ್ಕೆ, ರಾಯಸೀನಾ ಗುಡ್ಡದಲ್ಲಿ. ದೊರೆ ಇಟ್ಟ ಕಲ್ಲುಗಳನ್ನು ಎಬ್ಬಿಸಿ ಅಲ್ಲಿಗೆ ಸಾಗಿಸಬೇಕಾಯಿತು.

ಬೆಂಗಳೂರಿನಲ್ಲಿ ಗುದ್ದಲಿ ಪೂಜೆ, ಶಂಕುಸ್ಥಾಪನೆ, ಲೋಕಾರ್ಪಣೆಗಳ ಹೊಣೆ ಹೊರುವ ಎಂಜಿನಿಯರುಗಳು, ಶಿಷ್ಟಾಚಾರ ವಿಭಾಗದವರು, ಸಂಘ-ಸಂಸ್ಥೆಗಳ ಕಾರ್ಯದರ್ಶಿಗಳು ಓದಲೇಬೇಕಾದ ಪ್ರಕರಣ ಇದು. ದೊಡ್ಡವರ ತಾರೀಕು ಸಿಕ್ಕಿತೆಂದರೆ ಮಿಕ್ಕ ಕೆಲಸವೆಲ್ಲ ಆ ತಾರೀಕಿನ ಬೆನ್ನು ಹತ್ತಿ ಓಡುತ್ತದೆ. ದೆಹಲಿಯಲ್ಲೂ ಹಾಗೇ ಆಯಿತು. ರಾಜಭೇಟಿಯಲ್ಲಿ ಅತಿಥಿಯ ಕೈಯಿಂದ ಮಾಡಿಸುವ ಕೆಲಸ ಮುಖ್ಯವಾಗಿ ಮೂರು ಬಗೆ: ಘೋಷಣೆ, ಶಂಕುಸ್ಥಾಪನೆ, ಅನಾವರಣ. ಮೂರಕ್ಕೂ ಬೇಕಾದ ತಯಾರಿ ಬೇರೆ ಬೇರೆ. ಘೋಷಣೆಗೆ ತೀರ್ಮಾನ ಆಗಿದ್ದರೆ ಸಾಕು. ಶಂಕುಸ್ಥಾಪನೆಗೆ ಜಾಗ ಖಚಿತವಾಗಿರಬೇಕು. ಅನಾವರಣಕ್ಕೆ ಕೆಲಸವೇ ಮುಗಿದಿರಬೇಕು. 1911ರ ಡಿಸೆಂಬರಿನಲ್ಲಿ ಇದ್ದದ್ದು ಘೋಷಣೆಗೆ ಬೇಕಾದಷ್ಟು ತಯಾರಿ; ನಡೆಸಿದ್ದು ಶಂಕುಸ್ಥಾಪನೆ. ಈ ಒಂದು ಅಂತರದಿಂದಲೇ ಮುಂದಿನದೆಲ್ಲ ಹುಟ್ಟಿತು.

## ಹದಿನಾರು ವಾರವಿತ್ತು, ಬಳಸುವಂತಿರಲಿಲ್ಲ

ಐದನೇ ಜಾರ್ಜ್ ಅವರ ಪಟ್ಟಾಭಿಷೇಕ ಲಂಡನ್ನಿನಲ್ಲಿ 1911ರ ಜೂನ್ 22ರಂದು ನಡೆಯಿತು. ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ತರುವ ಪ್ರಸ್ತಾವವನ್ನು ವೈಸ್‌ರಾಯ್ ಹಾರ್ಡಿಂಜ್ ಅವರ ಸರ್ಕಾರ ಶಿಮ್ಲಾದಿಂದ ಬರೆದು ಕಳಿಸಿದ್ದು ಆಗಸ್ಟ್ 25ರಂದು. ಬ್ರಿಟಿಷ್ ಸಂಪುಟದಲ್ಲಿ ಭಾರತದ ಹೊಣೆ ಹೊತ್ತ ಮಂತ್ರಿ ಲಾರ್ಡ್ ಕ್ರೂ ಒಪ್ಪಿಗೆಯ ಉತ್ತರ ಕೊಟ್ಟದ್ದು ನವೆಂಬರ್ 1ರಂದು. ದೊರೆ ಮುಂಬೈಯ ಅಪೊಲೊ ಬಂದರಿನಲ್ಲಿ ಇಳಿದದ್ದು ಡಿಸೆಂಬರ್ 2, ದೆಹಲಿ ಪ್ರವೇಶಿಸಿದ್ದು 7, ದರ್ಬಾರು ನಡೆದು ಹೊಸ ರಾಜಧಾನಿಯ ಘೋಷಣೆಯಾದದ್ದು 12, ಅಡಿಗಲ್ಲು 15. ಮರುದಿನ, 16ರಂದು ಅವರು ದೆಹಲಿ ಬಿಟ್ಟು ನೇಪಾಳದ ಶಿಕಾರಿಗೆ ಹೊರಟರು.

ಪ್ರಸ್ತಾವದ ದಿನದಿಂದ ಅಡಿಗಲ್ಲಿನ ದಿನದವರೆಗೆ ಲೆಕ್ಕ ಹಾಕಿದರೆ ಹದಿನಾರು ವಾರ. ಒಂದು ಪ್ರಾಥಮಿಕ ಸರ್ವೇ ಮಾಡಿ, ನಾಲ್ಕಾರು ಕಡೆ ಪರೀಕ್ಷಾ ಗುಂಡಿ ತೋಡಿ, ನೀರಿನ ಮಟ್ಟ ಗುರುತು ಹಾಕಿಕೊಳ್ಳಲು ಇಷ್ಟು ಸಮಯ ಧಾರಾಳವಾಗಿ ಸಾಕು. ಆದರೆ ಇಡೀ ಯೋಜನೆ ಗುಟ್ಟಾಗಿತ್ತು. 1905ರ ಬಂಗಾಳ ವಿಭಜನೆಯನ್ನು ರದ್ದುಮಾಡುವ ತೀರ್ಮಾನವೂ ಇದರ ಜೊತೆಗೇ ಹೆಣೆದುಕೊಂಡಿತ್ತು. ಸುದ್ದಿ ಮೊದಲೇ ಹೊರಬಿದ್ದರೆ ಕಲ್ಕತ್ತೆಯ ಯುರೋಪಿಯನ್ ವ್ಯಾಪಾರಿಗಳು ಎದ್ದು ನಿಲ್ಲುತ್ತಿದ್ದರು, ದೆಹಲಿಯ ಸುತ್ತ ಜಮೀನಿನ ಬೆಲೆ ರಾತ್ರೋರಾತ್ರಿ ಏರುತ್ತಿತ್ತು. ಹಾಗಾಗಿ ವಿಷಯ ಗೊತ್ತಿದ್ದವರು ಬೆರಳೆಣಿಕೆಯಷ್ಟು ಮಂದಿ. ದರ್ಬಾರಿನ ದಿನದ ಗೆಜೆಟ್ ಅಚ್ಚಾದದ್ದೂ ಕಾವಲಿನೊಳಗೆ.

ಗುಟ್ಟು ಕಾಯುವುದಕ್ಕೂ ಜಾಗ ಪರೀಕ್ಷಿಸುವುದಕ್ಕೂ ಹೊಂದಾಣಿಕೆಯಾಗುವುದಿಲ್ಲ. ಸರಪಳಿ ಹಿಡಿದ ಸರ್ವೇಯರು ಹೊಲದಲ್ಲಿ ಇಳಿದ ಮರುಗಳಿಗೆ ಊರಿಗೆಲ್ಲ ಗೊತ್ತಾಗುತ್ತದೆ. ನೀರು ನೋಡುವವರನ್ನು, ಮಣ್ಣು ನೋಡುವವರನ್ನು, ಆರೋಗ್ಯಾಧಿಕಾರಿಯನ್ನು ಕೇಳುವಂತಿಲ್ಲ. ಇಂಥ ಕಡೆ ಬಾಯಿ ಬಿಡದೆ ಮಾಡಬಹುದಾದ ಕೆಲಸವೆಂದರೆ ಹಳೆಯ ಕಡತ ನೋಡುವುದು: ಮಳೆಗಾಲದ ಪ್ರವಾಹದ ದಾಖಲೆ, ರೈಲ್ವೆಯವರ ಮಟ್ಟದ ಗುರುತುಗಳು, ಕಾಲುವೆ ಇಲಾಖೆಯ ನಕ್ಷೆ. ಅಷ್ಟನ್ನು ಮೇಜಿನ ಮೇಲೆ ಹರಡಿದ್ದರೂ ಉತ್ತರದ ತಗ್ಗು ನೆಲದ ಬಗ್ಗೆ ಅನುಮಾನ ಹುಟ್ಟುತ್ತಿತ್ತು ಎಂಬುದು ನಮ್ಮ ಅಭಿಪ್ರಾಯ.

## ದರ್ಬಾರಿಗೆ ಒಳ್ಳೆಯ ಮೈದಾನ, ರಾಜಧಾನಿಗೆ ಅಲ್ಲ

ಅಡಿಗಲ್ಲು ಅಲ್ಲೇ ಯಾಕೆ ಬಿತ್ತು? ದೊರೆ ಅಲ್ಲಿದ್ದರು, ಅದಕ್ಕೆ. ದರ್ಬಾರಿನ ಬಿಡಾರ ಚದರ ಮೈಲಿಗಟ್ಟಲೆ ಹರಡಿತ್ತು. ರಸ್ತೆ, ಲಘು ರೈಲು, ನೀರಿನ ಕೊಳವೆ, ವಿದ್ಯುದ್ದೀಪ, ಅಂಚೆ, ಆಸ್ಪತ್ರೆ ಎಲ್ಲ ಇದ್ದ ತಾತ್ಕಾಲಿಕ ಊರು ಅದು. ಅಂಥ ಬಿಡಾರಕ್ಕೆ ಬೇಕಾದದ್ದು ಸಮತಟ್ಟು ಬಯಲು, ರೈಲಿಗೆ ಹತ್ತಿರ, ಅಡ್ಡಿಯಿಲ್ಲದ ನೋಟ. ಮೂರೂ ಅಲ್ಲಿದ್ದವು. ಹಿಂದಿನ ವೈಸ್‌ರಾಯ್‌ಗಳಾದ ಲಿಟನ್ 1877ರಲ್ಲಿ, ಕರ್ಜನ್ 1903ರಲ್ಲಿ ದರ್ಬಾರು ನಡೆಸಿದ್ದೂ ಅದೇ ಬಯಲಿನಲ್ಲಿ.

ಇಲ್ಲೊಂದು ಸಂಗತಿ ಗಮನಿಸಬೇಕು. 1877ರ ದರ್ಬಾರು ಜನವರಿ 1ಕ್ಕೆ, 1903ರದ್ದೂ ಜನವರಿ 1ಕ್ಕೆ, 1911ರದ್ದು ಡಿಸೆಂಬರಿನಲ್ಲಿ. ಮೂರೂ ಚಳಿಗಾಲ. ದೆಹಲಿಯಲ್ಲಿ ಯಮುನೆ ಉಕ್ಕುವುದು ಜುಲೈಯಿಂದ ಸೆಪ್ಟೆಂಬರ್‌ವರೆಗೆ. ಮೂವತ್ತನಾಲ್ಕು ವರ್ಷಗಳಲ್ಲಿ ಮೂರು ಸಲ ಲಕ್ಷಾಂತರ ಜನರನ್ನು ಅಲ್ಲಿ ಇಳಿಸಿದ ಅನುಭವವಿದ್ದರೂ, ಆ ಅನುಭವದಲ್ಲಿ ಒಂದು ಮಳೆಗಾಲವೂ ಇರಲಿಲ್ಲ. ಒಣ ದಿನದಲ್ಲಿ ನೋಡಿದ ನೆಲ ಗಟ್ಟಿಯಾಗಿಯೇ ಕಾಣುತ್ತದೆ.

ಬೆಂಗಳೂರಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿದೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳದಲ್ಲಿದೆ. ಮಾರ್ಚಿಯಲ್ಲಿ ಸೈಟು ನೋಡಲು ಹೋದವರಿಗೆ ಕೆರೆ ಅಂಗಳ ಚೊಕ್ಕಟ ಆಟದ ಮೈದಾನದಂತೆ ಕಾಣುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಒಂದು ರಾತ್ರಿ ಜಡಿಮಳೆ ಹೊಡೆದರೆ ರಾಜಕಾಲುವೆ ತನ್ನ ಹಳೆಯ ದಾರಿ ಹಿಡಿಯುತ್ತದೆ.

## ಆತುರಕ್ಕೂ ಕಾರಣವಿತ್ತು

ಹಾರ್ಡಿಂಜ್ ಅವರನ್ನು ಬರೀ ಅವಸರದ ಮನುಷ್ಯ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಪಟ್ಟದಲ್ಲಿರುವ ಬ್ರಿಟಿಷ್ ದೊರೆ ಭಾರತಕ್ಕೆ ಬಂದದ್ದು ಅದೇ ಮೊದಲು, ಮತ್ತೆ ಬರುವ ಭರವಸೆ ಇರಲಿಲ್ಲ. ಘೋಷಣೆಯನ್ನು ಮುಂದಿನ ಸರ್ಕಾರ ಹಿಂತೆಗೆದುಕೊಳ್ಳಬಹುದು; ಚಕ್ರವರ್ತಿ ತಮ್ಮ ಕೈಯಾರೆ ಇಟ್ಟ ಕಲ್ಲನ್ನು ಹಿಂತೆಗೆದುಕೊಳ್ಳುವುದು ಕಷ್ಟ. 1912ರ ಫೆಬ್ರವರಿಯಲ್ಲಿ ಕರ್ಜನ್ ಲಂಡನ್ನಿನ ಮೇಲ್ಮನೆಯಲ್ಲಿ ಈ ತೀರ್ಮಾನವನ್ನು ಕಟುವಾಗಿ ವಿರೋಧಿಸಿದರು. ಬಂಗಾಳದ ವಿಭಜನೆ ಮಾಡಿದ್ದೇ ಅವರು, ನೋವು ಇದ್ದೇ ಇತ್ತು. ಆದರೆ ಅಷ್ಟು ಹೊತ್ತಿಗೆ ದೊರೆಯ ಮಾತು, ದೊರೆಯ ಕಲ್ಲು ಎರಡೂ ನೆಲದಲ್ಲಿ ಊರಿದ್ದವು. ಕಟ್ಟಡವನ್ನು ಹೊರುವ ಕೆಲಸಕ್ಕೆ ಆ ಕಲ್ಲು ಬಾರದೆ ಹೋಯಿತು ನಿಜ; ತೀರ್ಮಾನವನ್ನು ಹೊರುವ ಕೆಲಸ ಅದು ಮಾಡಿತು.

ಜೊತೆಗೆ, ಅಂದು ದೊರೆ ಆಡಿದ ಮಾತಿನಲ್ಲೇ ಎಚ್ಚರಿಕೆಯೂ ಇತ್ತು. ಈ ಪುರಾತನ, ಸುಂದರ ನಗರಕ್ಕೆ ತಕ್ಕಂತೆ ಹೊಸ ಕಟ್ಟಡಗಳ ಯೋಜನೆಯನ್ನು ಬಹಳ ಯೋಚಿಸಿ, ಜತನದಿಂದ ಮಾಡಬೇಕು ಎಂಬುದು ಅವರ ಆಶಯವಾಗಿತ್ತು. ಸಮಿತಿಯವರು ಮುಂದೆ ಜಾಗ ಬದಲಿಸಲು ಹೊರಟಾಗ ಈ ಮಾತು ಅವರ ಪರವಾಗಿಯೇ ಇತ್ತು. ಭಾಷಣ ಬರೆದುಕೊಡುವವರು ಇದನ್ನು ನೆನಪಿಡಬೇಕು: ಖಚಿತವಾಗದ ವಿಷಯದಲ್ಲಿ ಅತಿಥಿಯ ಬಾಯಿಂದ ನಿರ್ದಿಷ್ಟ ಜಾಗದ ಹೆಸರು ಹೇಳಿಸಬಾರದು.

ಬೇರೆ ದಾರಿ ಇತ್ತೇ? ಇತ್ತು. ಅದೇ ಮೈದಾನದಲ್ಲಿ, ಘೋಷಣೆ ನಡೆದ ನೆನಪಿಗೆಂದು ಒಂದು ಸ್ಮಾರಕ ಶಿಲೆಯನ್ನು ದೊರೆಯಿಂದ ನಿಲ್ಲಿಸಬಹುದಿತ್ತು. ದರ್ಬಾರು ನಡೆದ ಸ್ಥಳದಲ್ಲಿ ಆಮೇಲೆ ಹೇಗೂ ಒಂದು ಸ್ಮಾರಕ ಸ್ತಂಭ ಎದ್ದಿತು, ಇಂದಿಗೂ ಕೊರೊನೇಷನ್ ಪಾರ್ಕಿನಲ್ಲಿ ಅದು ನಿಂತಿದೆ. ಅದನ್ನೇ ಡಿಸೆಂಬರ್ 15ರ ಕಾರ್ಯಕ್ರಮವಾಗಿ ಇಟ್ಟುಕೊಂಡಿದ್ದರೆ ರಾಜಕೀಯದ ಕೆಲಸವೂ ಆಗುತ್ತಿತ್ತು, ಕಲ್ಲು ಎಬ್ಬಿಸುವ ಪಾಡೂ ತಪ್ಪುತ್ತಿತ್ತು.

## ಸಮಿತಿ ಕಂಡದ್ದು

1912ರಲ್ಲಿ ದೆಹಲಿ ನಗರ ಯೋಜನಾ ಸಮಿತಿ ಬಂತು. ಲಂಡನ್ ಕೌಂಟಿ ಕೌನ್ಸಿಲ್ಲಿನ ಜಾರ್ಜ್ ಸ್ವಿಂಟನ್ ಅಧ್ಯಕ್ಷರು, ಲಿವರ್‌ಪೂಲ್ ನಗರದ ಎಂಜಿನಿಯರ್ ಜಾನ್ ಬ್ರೋಡಿ, ವಾಸ್ತುಶಿಲ್ಪಿ ಎಡ್ವಿನ್ ಲುಟೆನ್ಸ್ ಸದಸ್ಯರು. ಏಪ್ರಿಲಿನ ಬಿಸಿಲಿನಲ್ಲಿ ಆನೆ ಏರಿ, ಮೋಟಾರಿನಲ್ಲಿ, ಕಾಲ್ನಡಿಗೆಯಲ್ಲಿ ಸುತ್ತಿ ಉತ್ತರ, ಪಶ್ಚಿಮ, ದಕ್ಷಿಣದ ಜಾಗಗಳನ್ನೆಲ್ಲ ತೂಗಿ ನೋಡಿದರು. ಆನೆಯ ಮೇಲಿಂದ ನೋಡುವುದರಲ್ಲಿ ಪ್ರಯೋಜನವಿದೆ: ಕುರುಚಲು ಗಿಡ, ಜಾಲಿಯ ಮೇಲಿಂದ ನೆಲದ ಏರಿಳಿತ ಕಾಣುತ್ತದೆ.

ಉತ್ತರದ ಜಾಗದ ಮೇಲೆ ಬಂದ ಆಕ್ಷೇಪಗಳು ಒಂದಕ್ಕೊಂದು ಕೊಂಡಿಯಾಗಿದ್ದವು. ನದಿಯ ಕಡೆಯ ತಗ್ಗಿಗೆ ಪ್ರವಾಹದ ಭಯ. ನೀರು ನಿಲ್ಲುವ ಕಡೆ ಸೊಳ್ಳೆ, ಸೊಳ್ಳೆ ಇದ್ದ ಕಡೆ ಮಲೇರಿಯ. ತಗ್ಗನ್ನು ಬಿಟ್ಟರೆ ಉಳಿದ ಎತ್ತರದ ನೆಲ ಚಿಕ್ಕದು, ಅಲ್ಲಿ ಸಿವಿಲ್ ಲೈನ್ಸ್ ಆಗಲೇ ಮನೆಮಾರು ಮಾಡಿಕೊಂಡಿತ್ತು. ಇದ್ದ ಕಟ್ಟಡ ಕೊಂಡು ಕೆಡವಿ ಕಟ್ಟಬೇಕೆಂದರೆ ಖರ್ಚು ಹೆಚ್ಚು. ಕೆಡವದಿದ್ದರೆ ನಗರ ಬೆಳೆಯಲು ಎಡೆಯಿಲ್ಲ. ಅಂದರೆ ನೀರಿನ ತೊಂದರೆಯೊಂದನ್ನು ದಂಡೆ ಕಟ್ಟಿ ಸರಿಪಡಿಸಿದ್ದರೂ ಜಾಗದ ಅಭಾವ ಹಾಗೇ ಉಳಿಯುತ್ತಿತ್ತು. ರಿಡ್ಜ್ ಬೆಟ್ಟಸಾಲಿನ ಪಶ್ಚಿಮಕ್ಕೆ ಹೋದರೆ ಹಳೆಯ ದೆಹಲಿ ಕಣ್ಣಿಗೇ ಬೀಳುವುದಿಲ್ಲ. ದಕ್ಷಿಣದಲ್ಲಿ ನೆಲ ನದಿಯ ಕಡೆಗೆ ಇಳಿಜಾರು, ನೀರು ತಾನಾಗಿ ಹರಿದುಹೋಗುತ್ತದೆ, ವಸತಿ ವಿರಳ, ಪುರಾನಾ ಕಿಲಾ, ಹುಮಾಯೂನನ ಗೋರಿ, ಸಫ್ದರ್‌ಜಂಗ್ ಎಲ್ಲ ನೋಟದ ಒಳಗೇ ಬರುತ್ತವೆ.

ದಕ್ಷಿಣದಲ್ಲೂ ಮೊದಲು ಸೂಚಿಸಿದ್ದು ಮಾಲ್ಚಾ ಕಡೆಯ ಜಾಗ. ಹಾರ್ಡಿಂಜ್ ಅದನ್ನು ಒಪ್ಪದೆ ಅಧಿಕಾರಿ ಮಾಲ್ಕಮ್ ಹೇಲಿ ಅವರೊಂದಿಗೆ ಕುದುರೆ ಏರಿ ಹೋಗಿ ರಾಯಸೀನಾ ಗುಡ್ಡ ಗೊತ್ತುಮಾಡಿದರು. ಸಮಿತಿಯ ಕೊನೆಯ ವರದಿ 1913ರ ಮಾರ್ಚ್ 20ರದು. ವಿರಳವೆಂದರೂ ಅಲ್ಲಿ ಊರುಗಳಿದ್ದವು. ರಾಯಸೀನಾ, ಮಾಲ್ಚಾ ಗ್ರಾಮಸ್ಥರ ಹೊಲ, ಮನೆ 1894ರ ಭೂಸ್ವಾಧೀನ ಕಾಯ್ದೆಯಡಿ ಹೋದವು. ರಾಜಧಾನಿಯ ಕಥೆ ಹೇಳುವವರು ಈ ಸಾಲನ್ನು ದಾಟಿ ಹೋಗಬಾರದು. ಕಲ್ಲು ಎಲ್ಲಿ ಇಟ್ಟರೂ ಯಾರದೋ ನೆಲದ ಮೇಲೆ ಇಡುತ್ತೇವೆ.

ಇಷ್ಟರಲ್ಲಿ ಸರ್ಕಾರ ಕಲ್ಕತ್ತೆ ಬಿಟ್ಟು ಬಂದಾಗಿತ್ತು. ಕೂರಲು ಜಾಗ ಬೇಕಲ್ಲ. ಉತ್ತರ ದೆಹಲಿಯ ಅಲಿಪುರ ರಸ್ತೆಯಲ್ಲಿ ತಾತ್ಕಾಲಿಕ ಸೆಕ್ರೆಟೇರಿಯೇಟ್ 1912ರಲ್ಲೇ ಎದ್ದಿತು. ಇಂದು ದೆಹಲಿ ವಿಧಾನಸಭೆ ನಡೆಯುವುದು ಅದರಲ್ಲೇ. ವೈಸ್‌ರಾಯ್ ಇದ್ದದ್ದು ಈಗ ದೆಹಲಿ ವಿಶ್ವವಿದ್ಯಾಲಯದ ಕುಲಪತಿಗಳ ಕಚೇರಿಯಿರುವ ಕಟ್ಟಡದಲ್ಲಿ. ಉತ್ತರದ ನೆಲ ಹೀಗೆ ಸುಮಾರು ಎರಡು ದಶಕ ತಾತ್ಕಾಲಿಕ ರಾಜಧಾನಿಯಾಗಿ ದುಡಿಯಿತು. ಬಿಡಾರಕ್ಕೆ ಒಗ್ಗುವ ನೆಲ ತಾತ್ಕಾಲಿಕ ಕಚೇರಿಗೂ ಒಗ್ಗಿತು, ಕಾಯಂ ನಗರಕ್ಕೆ ಒಗ್ಗಲಿಲ್ಲ.

## ಕಲ್ಲು ಎಂಬ ವಸ್ತು

ಅಡಿಗಲ್ಲು ಎಂದರೆ ಫಲಕ ಎಂದು ಈಗ ಹಲವರು ತಿಳಿದಿದ್ದಾರೆ. ಈಗ ನಡೆಯುವುದು ಬಹುತೇಕ ಅದೇ: ಇಟ್ಟಿಗೆಯ ಒಂದು ಗಿಡ್ಡ ಗೋಡೆ, ಅದಕ್ಕೆ ಅಂಟಿಸಿದ ಗ್ರಾನೈಟ್ ಹಲಗೆ, ಮೇಲೊಂದು ಪರದೆ, ರಿಮೋಟ್ ಒತ್ತಿದರೆ ಸರಿಯುವ ಪರದೆ. ಹಳೆಯ ಕ್ರಮದಲ್ಲಿ ಅದು ಗೋಡೆಯ ಭಾಗವೇ ಆಗುವ ದಿಮ್ಮಿ ಕಲ್ಲು.

ಉದಾಹರಣೆಗೆ 90 ಸೆಂಟಿಮೀಟರ್ ಉದ್ದ, 60 ಅಗಲ, 45 ದಪ್ಪದ ನಮ್ಮ ಕಡೆಯ ಗ್ರಾನೈಟ್ ದಿಮ್ಮಿ ತೆಗೆದುಕೊಳ್ಳಿ. ಘನ ಮೀಟರಿಗೆ ಸುಮಾರು 2.7 ಟನ್ ಲೆಕ್ಕದಲ್ಲಿ ಅದರ ತೂಕ 650 ಕೆಜಿ. ಇಬ್ಬರು ಮೂವರು ಎತ್ತುವ ಮಾತಲ್ಲ. ಮೂರು ಕಾಲಿನ ಕಂಬ ನಿಲ್ಲಿಸಿ, 2 ಟನ್ ತಡೆಯುವ ಚೈನ್ ಪುಲ್ಲಿ ಕಟ್ಟಿ, ಕಲ್ಲನ್ನು ಮೊದಲೇ ತಳದಿಂದ ಒಂದು ಅಡಿ ಮೇಲೆ ತೂಗಿಟ್ಟಿರುತ್ತಾರೆ. ತಳದ ಕಲ್ಲಿನ ನಡುವೆ ಒಂದು ಗುಳಿ. ನಾಣ್ಯ, ಅಂದಿನ ಪತ್ರಿಕೆ, ನಕ್ಷೆ ತುಂಬಿದ ಮುಚ್ಚಿದ ಪೆಟ್ಟಿಗೆ ಅದರೊಳಗೆ. ಅತಿಥಿ ಕರಣೆಯಲ್ಲಿ ಗಾರೆ ಹರಡುತ್ತಾರೆ. ಗಾರೆಯನ್ನು ಮೇಸ್ತ್ರಿ ಆಗಲೇ ಹದವಾಗಿ ಹಾಸಿರುತ್ತಾನೆ, ಅತಿಥಿಯ ಪಾಲು ಕೊನೆಯ ಒಂದೆರಡು ಕರಣೆ. ಕಲ್ಲು ಇಳಿಯುತ್ತದೆ, ನಾಲ್ಕು ಮೂಲೆಗೂ ಮರದ ಕೊಡತಿಯಲ್ಲಿ ಮೆಲ್ಲಗೆ ತಟ್ಟುತ್ತಾರೆ, ರಸಮಟ್ಟ ಇಟ್ಟು, ತೂಗುಗುಂಡು ಬಿಟ್ಟು ನೋಡುತ್ತಾರೆ. ಆಮೇಲೆ ಕಲ್ಲು ಸರಿಯಾಗಿ ಕೂತಿದೆ ಎಂದು ಸಾರುತ್ತಾರೆ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಭಾಷಣ ಉದ್ದವಾಗಿ ಗಾರೆ ಬಿಗಿದುಕೊಳ್ಳುತ್ತದೆ, ಆಗ ಕಲ್ಲು ಒಂದು ಮೂಲೆ ಎತ್ತಿಕೊಂಡೇ ಉಳಿಯುತ್ತದೆ. ಹಗ್ಗದ ಕೊಕ್ಕೆ ಕಲ್ಲಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಎತ್ತುವ ಕೊಕ್ಕೆಗೆ ಕಲ್ಲಿನ ತಲೆಯ ಮೇಲೇ ಗುಳಿ ಕೊರೆಸಬೇಕು. ಮೂರನೆಯದು ಕೆತ್ತನೆ: ಮಳೆ ಬಂದು ತಾರೀಕು ಮುಂದಕ್ಕೆ ಹೋದರೆ ಕೆತ್ತಿದ ಅಕ್ಷರ ಅಳಿಸಲಾಗುವುದಿಲ್ಲ.

ದೆಹಲಿಯ ಕಲ್ಲುಗಳನ್ನು ಎಬ್ಬಿಸಿ ಕೆಲ ವರ್ಷಗಳ ಮೇಲೆ ರಾಯಸೀನಾದ ಸೆಕ್ರೆಟೇರಿಯೇಟ್ ಕಟ್ಟಡಗಳಲ್ಲಿ, ಅಂದರೆ ಈಗ ನಾರ್ತ್ ಬ್ಲಾಕ್, ಸೌತ್ ಬ್ಲಾಕ್ ಎನ್ನುವ ಕಡೆ, ಸೇರಿಸಿದರು. ಮತ್ತೊಂದು ಸಮಾರಂಭದ ಗದ್ದಲ ಮಾಡಲಿಲ್ಲ. ಕಲ್ಲಿನ ಮೇಲೆ 15 ಡಿಸೆಂಬರ್ 1911 ಎಂಬ ತಾರೀಕು ಹಾಗೇ ಉಳಿಯಿತು. ಆ ತಾರೀಕಿಗೆ ಆ ಗುಡ್ಡದಲ್ಲಿ ಏನೂ ನಡೆದಿರಲಿಲ್ಲ ಎಂಬುದು ಕಲ್ಲು ನೋಡಿದವರಿಗೆ ತಿಳಿಯುವುದಿಲ್ಲ. ಸುಣ್ಣದ ಗಾರೆಯಲ್ಲಿ ಕೂರಿಸಿದ ಕಲ್ಲನ್ನು ಅಂಚು ಒಡೆಯದಂತೆ ಬಿಡಿಸಬಹುದು. ಸಿಮೆಂಟಿನಲ್ಲಿ ಕಚ್ಚಿಕೊಂಡಿದ್ದರೆ ಬಿಡಿಸುವಾಗ ಕಲ್ಲೇ ಸೀಳುತ್ತದೆ. ಇಂದಿಗೂ ಸ್ಮಾರಕ ಶಿಲೆ ಕೂರಿಸುವಾಗ ಸುಣ್ಣವೇ ಒಳ್ಳೆಯದು ಎನ್ನಲು ಇದೊಂದು ಕಾರಣ ಸಾಕು.

ಖರ್ಚಿನ ಮಾತು. 1911ರ ಪ್ರಸ್ತಾವದಲ್ಲಿದ್ದ ಅಂದಾಜು 40 ಲಕ್ಷ ಪೌಂಡು. ಪೌಂಡಿಗೆ 15 ರೂಪಾಯಿಯಂತೆ 6 ಕೋಟಿ. ಕೊನೆಗಾದದ್ದು ಅದರ ಎರಡು ಪಟ್ಟು ಮೀರಿ. ಜಾಗ ಬದಲಾದದ್ದೊಂದೇ ಇದಕ್ಕೆ ಕಾರಣವಲ್ಲ, ನಡುವೆ ಮಹಾಯುದ್ಧ ಬಂತು, ನಕ್ಷೆಗಳು ಬೆಳೆದವು. ಆದರೆ ಜಾಗವೇ ಗೊತ್ತಿಲ್ಲದೆ ಹಾಕಿದ ಅಂದಾಜು ಅಂದಾಜೇ ಅಲ್ಲ. ಗುಡ್ಡದ ನೆತ್ತಿ ಸಿಡಿಸಿ ಸಮ ಮಾಡುವ ಲೆಕ್ಕ ಬಯಲಿನ ಅಂದಾಜಿನಲ್ಲಿ ಎಲ್ಲಿಂದ ಬರಬೇಕು?

## ಕಣ್ಣಿಗೆ ಬೀಳುವುದು, ಬೀಳದಿರುವುದು

ಡಿಸೆಂಬರ್ 7ರ ಪುರಪ್ರವೇಶದಲ್ಲೂ ಒಂದು ಎಡವಟ್ಟಾಗಿತ್ತು. ಜನ ಚಕ್ರವರ್ತಿ ಆನೆಯ ಅಂಬಾರಿಯಲ್ಲಿ ಬರುತ್ತಾರೆಂದು ಕಾದಿದ್ದರು. ಅವರು ಬಂದದ್ದು ಕುದುರೆಯ ಮೇಲೆ, ಸೇನಾ ಸಮವಸ್ತ್ರದಲ್ಲಿ, ಬಿಸಿಲ ಟೋಪಿ ಹಾಕಿಕೊಂಡು, ಅದೇ ಬಗೆಯ ಉಡುಪಿನ ಅಧಿಕಾರಿಗಳ ನಡುವೆ. ಬಹಳ ಮಂದಿಗೆ ಗುರುತೇ ಸಿಗಲಿಲ್ಲ. ಮೈಸೂರು ದಸರೆಯ ಜಂಬೂಸವಾರಿ ಕಂಡವರಿಗೆ ಅಂಬಾರಿಯ ಬೆಲೆ ಗೊತ್ತು: ಹತ್ತು ಸಾಲು ಹಿಂದೆ ನಿಂತ ಮಗುವಿಗೂ ಕಾಣುವ ಎತ್ತರ ಅದು. ಇತ್ತ ಎತ್ತರಕ್ಕೆ ಅಪಾಯವೂ ಇದೆ. ಮರುವರ್ಷ, 1912ರ ಡಿಸೆಂಬರ್ 23ರಂದು, ಹಾರ್ಡಿಂಜ್ ಆನೆಯ ಮೇಲೆ ಹೊಸ ರಾಜಧಾನಿ ಪ್ರವೇಶಿಸುವಾಗ ಚಾಂದನಿ ಚೌಕದಲ್ಲಿ ಬಾಂಬು ಬಿತ್ತು. ವೈಸ್‌ರಾಯ್ ಗಾಯಗೊಂಡರು, ಹಿಂದೆ ಛತ್ರಿ ಹಿಡಿದಿದ್ದ ಸೇವಕ ಸತ್ತರು.

ರಾಯಸೀನಾದಲ್ಲೂ ನೋಟದ ಲೆಕ್ಕ ತಪ್ಪಿತು. ವೈಸ್‌ರಾಯ್ ಭವನವನ್ನು, ಅಂದರೆ ಲುಟೆನ್ಸ್ ಕಟ್ಟಿದ ಇಂದಿನ ರಾಷ್ಟ್ರಪತಿ ಭವನವನ್ನು, ಹಿಂದಕ್ಕೆ ಸರಿಸಿ, ಇನ್ನೊಬ್ಬ ವಾಸ್ತುಶಿಲ್ಪಿ ಹರ್ಬರ್ಟ್ ಬೇಕರ್ ಅವರ ಎರಡು ಸೆಕ್ರೆಟೇರಿಯೇಟುಗಳನ್ನು ಗುಡ್ಡದ ಮುಂಭಾಗಕ್ಕೆ ತಂದರು. ನಡುವಿನ ರಸ್ತೆಗೆ 22.5 ಅಡಿಗೆ ಒಂದು ಅಡಿ ಏರು ಎಂದು ಲುಟೆನ್ಸ್ 1913ರಲ್ಲಿ ಒಪ್ಪಿ ಸಹಿ ಹಾಕಿದರು. ಆಮೇಲೆ ಗೊತ್ತಾಯಿತು: ಏರಿನ ಬುಡದಲ್ಲಿ, ಇಂದಿನ ವಿಜಯ ಚೌಕದ ಬಳಿ ನಿಂತವರಿಗೆ ಭವನದ ಮೈ ಮರೆಯಾಗುತ್ತದೆ, ಗುಮ್ಮಟದ ತಲೆಯಷ್ಟೇ ಕಾಣುತ್ತದೆ. ಸಮಿತಿಗಳ ಮುಂದಿಟ್ಟ ಬಣ್ಣದ ಚಿತ್ರ ನೆಲದಿಂದ ಬಹಳ ಎತ್ತರದ ಕಣ್ಣಿನಿಂದ ಬರೆದದ್ದು, ಅಲ್ಲಿ ಎಲ್ಲ ಕಾಣುತ್ತಿತ್ತು. 1916ರ ಹೊತ್ತಿಗೆ ಲುಟೆನ್ಸ್ ಏರನ್ನು ಕಡಿಸಬೇಕೆಂದು ಹಟ ಹಿಡಿದರು, ಖರ್ಚಿನ ಕಾರಣಕ್ಕೆ ಆಗಲಿಲ್ಲ. ಇಬ್ಬರು ವಾಸ್ತುಶಿಲ್ಪಿಗಳ ಸ್ನೇಹ ಮುರಿದದ್ದು ಇದರಿಂದ. ನಕ್ಷೆಯ ಜೊತೆಗೆ, ನಿಂತ ಮನುಷ್ಯನ ಕಣ್ಣಿನ ಎತ್ತರದಿಂದ, ಸುಮಾರು 1.6 ಮೀಟರಿನಿಂದ, ಬರೆದ ಒಂದು ನೋಟವನ್ನೂ ಕೇಳಿ ಪಡೆಯಬೇಕು.

## ಸರಿಯಾಗಿ ಇಟ್ಟ ಕಲ್ಲುಗಳು

ಹತ್ತು ವರ್ಷದ ಮೇಲೆ ದೊರೆಯ ಚಿಕ್ಕಪ್ಪ, ಡ್ಯೂಕ್ ಆಫ್ ಕನಾಟ್ ಬಂದರು. 1921ರ ಫೆಬ್ರವರಿ 10ರಂದು ಅವರು ಅಖಿಲ ಭಾರತ ಯುದ್ಧ ಸ್ಮಾರಕಕ್ಕೆ, ಅಂದರೆ ಇಂಡಿಯಾ ಗೇಟಿಗೆ, 12ರಂದು ಹಳೆಯ ಸಂಸತ್ ಭವನಕ್ಕೆ ಅಡಿಗಲ್ಲು ಇಟ್ಟರು. ನಗರದ ನಕ್ಷೆ ಆಗ ನೆಲದ ಮೇಲೆ ಬಿದ್ದಾಗಿತ್ತು. ಸಂಸತ್ ಭವನ 1927ರ ಜನವರಿಯಲ್ಲಿ, ಇಂಡಿಯಾ ಗೇಟ್ 1931ರ ಫೆಬ್ರವರಿಯಲ್ಲಿ ಉದ್ಘಾಟನೆಯಾದವು, ಕಲ್ಲು ಇಟ್ಟ ಕಡೆಯೇ.

ಕ್ಯಾನ್‌ಬೆರಾ ಇನ್ನೊಂದು ಪಾಠ ಹೇಳುತ್ತದೆ. ಅಲ್ಲಿ ಚಾರ್ಲ್ಸ್ ಸ್ಕ್ರಿವನರ್ ಸರ್ವೇ ಮಾಡಿದ್ದು 1909ರಲ್ಲಿ, ವಾಲ್ಟರ್ ಬರ್ಲಿ ಗ್ರಿಫಿನ್ ಅವರ ನಕ್ಷೆ ಸ್ಪರ್ಧೆಯಲ್ಲಿ ಗೆದ್ದದ್ದು 1912ರಲ್ಲಿ, ಅಡಿಗಲ್ಲು 1913ರ ಮಾರ್ಚ್ 12ರಂದು. ಜಾಗ ಮೊದಲು, ಕಲ್ಲು ಆಮೇಲೆ. ಹಾಗಿದ್ದೂ 1920ರ ಜೂನಿನಲ್ಲಿ ಬಂದ ಪ್ರಿನ್ಸ್ ಆಫ್ ವೇಲ್ಸ್ ಎಡ್ವರ್ಡ್ ಅವರಿಂದ ಗುಡ್ಡದ ಮೇಲೆ ಕ್ಯಾಪಿಟಲ್ ಕಟ್ಟಡಕ್ಕೊಂದು ಕಲ್ಲು ಇಡಿಸಿದರು; ಆ ಕಟ್ಟಡಕ್ಕೆ ಹಣವಿರಲಿಲ್ಲ, ಅದು ಏಳಲೇ ಇಲ್ಲ. ಗುಡ್ಡದ ಕೆಳಗೆ ತಾತ್ಕಾಲಿಕ ಸಂಸತ್ ಭವನ ಕಟ್ಟಿ 1927ರ ಮೇ 9ರಂದು ಡ್ಯೂಕ್ ಆಫ್ ಯಾರ್ಕ್ ಅವರಿಂದ ತೆರೆಸಿದರು. ಗುಡ್ಡದ ಮೇಲೆ ಕಾಯಂ ಸಂಸತ್ತು ಬಂದು, ಎರಡನೇ ಎಲಿಜಬೆತ್ ಅದನ್ನು ಉದ್ಘಾಟಿಸಿದ್ದು 1988ರ ಮೇ 9ರಂದು. ಜಾಗ ಸರಿಯಿದ್ದೂ ಹಣ ಗೊತ್ತಾಗದಿದ್ದರೆ ಕಲ್ಲು ಒಂಟಿಯಾಗಿ ಕೂರುತ್ತದೆ.

ಇನ್ನು ನಮ್ಮೂರು. ಲಾಲ್‌ಬಾಗಿನ ಗಾಜಿನ ಮನೆಗೆ ಪ್ರಿನ್ಸ್ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಇಟ್ಟದ್ದು 1889ರ ನವೆಂಬರ್ 30ರಂದು. ತೋಟ ಸರ್ಕಾರದ್ದು, ಮಾದರಿ ಗೊತ್ತಿತ್ತು, ಕಟ್ಟಡ ಬೇಗನೆ ಎದ್ದಿತು. ಕಬ್ಬನ್ ಪಾರ್ಕಿನ ಅಂಚಿನಲ್ಲಿ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಯನ್ನು 1906ರ ಫೆಬ್ರವರಿ 5ರಂದು ಅನಾವರಣ ಮಾಡಿದವರು ಇದೇ ಐದನೇ ಜಾರ್ಜ್, ಆಗ ಯುವರಾಜ. ಮುಗಿದ ವಸ್ತುವಿನ ಪರದೆ ಸರಿಸಿ ಹೋದರು, ಅದು ಈಗಲೂ ಅಲ್ಲೇ ಇದೆ. ಅವರದೇ ಪ್ರತಿಮೆ ದೆಹಲಿಯ ಇಂಡಿಯಾ ಗೇಟಿನ ಮಂಟಪದಿಂದ 1968ರಲ್ಲಿ ಇಳಿದು ಕೊರೊನೇಷನ್ ಪಾರ್ಕಿಗೆ ಹೋಯಿತು.

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1911ರ ದರ್ಬಾರಿನಲ್ಲಿ 21 ಕುಶಾಲು ತೋಪಿನ ಗೌರವದ ಅರಸರಾಗಿ ಭಾಗವಹಿಸಿದ್ದರು. ಅದೇ ವರ್ಷದ ಫೆಬ್ರವರಿ 1ರಂದು ಅವರು ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ, ನಮ್ಮ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಅಡಿಗಲ್ಲು ಇಟ್ಟಿದ್ದರು. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲ ಕೈಯಲ್ಲಿತ್ತು, 1909ರಲ್ಲೇ ಸಂಸ್ಥೆಗೆ ಸರ್ಕಾರಿ ಆದೇಶ ಆಗಿತ್ತು, ಮೊದಲ ವಿದ್ಯಾರ್ಥಿಗಳು ಸೇರಿದ್ದು 1911ರ ಜುಲೈನಲ್ಲಿ. ಹತ್ತು ತಿಂಗಳ ಅಂತರದ ಈ ಎರಡು ಶಂಕುಸ್ಥಾಪನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಜಾಗ, ಆದೇಶ, ತಾರೀಕು ಎಂಬ ಕ್ರಮದ ಮಹತ್ವ ಸ್ಪಷ್ಟವಾಗುತ್ತದೆ.

ವಿಧಾನಸೌಧದ ಪ್ರಸಂಗ ಇದಕ್ಕಿಂತ ಸೂಕ್ಷ್ಮ. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಇಟ್ಟಾಗ ಇದ್ದದ್ದು ಸರಳವಾದ ನಕ್ಷೆ. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಅದನ್ನು ಬದಲಿಸಿ, ಈಗ ನಾವು ಕಾಣುವ ದ್ರಾವಿಡ ಶೈಲಿಯ ಭವ್ಯ ಕಟ್ಟಡ ಮಾಡಿಸಿದರು. 1956ರಲ್ಲಿ ಅದು ಪೂರ್ಣವಾಯಿತು. ನಕ್ಷೆ ಪೂರ್ತಿ ಬದಲಾದರೂ ಜಾಗ ಬದಲಾಗಲಿಲ್ಲ, ಕಲ್ಲು ಎಬ್ಬಿಸುವ ಪ್ರಮೇಯ ಬರಲಿಲ್ಲ. ಶಂಕುಸ್ಥಾಪನೆಯ ದಿನ ಮುಖಮಂಟಪ ಹೇಗಿರುತ್ತದೆ ಎಂದು ಗೊತ್ತಿಲ್ಲದಿದ್ದರೂ ನಡೆದೀತು. ನೆಲ ಯಾವುದು ಎಂದು ಗೊತ್ತಿಲ್ಲದಿದ್ದರೆ ನಡೆಯದು.

## ತಾರೀಕು ಬಂದಾಗ

ಅತಿಥಿಯ ಕಚೇರಿಯಿಂದ ತಾರೀಕು ಬಂದ ದಿನವೇ ಮೊದಲು ನೋಡಬೇಕಾದದ್ದು ವೇದಿಕೆಯನ್ನಲ್ಲ, ಗ್ರಾಮ ನಕಾಶೆಯನ್ನು. ಸರ್ವೇ ನಂಬರಿನ ಒಳಗೆ ಕೆರೆ, ಹಳ್ಳ, ರಾಜಕಾಲುವೆ, ಬಿ-ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ) ಎಷ್ಟಿದೆ ಎಂದು ಗುರುತು ಹಾಕಿಕೊಂಡು, ಪಹಣಿ, ಆಕಾರಬಂದ್ (ಸರ್ವೇ ಇಲಾಖೆಯ ವಿಸ್ತೀರ್ಣದ ದಾಖಲೆ) ತಾಳೆ ನೋಡಬೇಕು. ಭೂಸ್ವಾಧೀನದ ಹಣ ಕೊಟ್ಟಾಗಿದೆಯೇ, ತಡೆಯಾಜ್ಞೆ ಇದೆಯೇ ಎಂಬುದನ್ನು ಕಾನೂನು ವಿಭಾಗದಿಂದ ಬರಹದಲ್ಲಿ ಪಡೆಯಬೇಕು. ಜಾಗದ ನಾಲ್ಕು ಮೂಲೆ ಮತ್ತು ನಡುವೆ, ಕನಿಷ್ಠ 3 ಮೀಟರ್ ಆಳದ ಪರೀಕ್ಷಾ ಗುಂಡಿ ತೋಡಿಸಿ ನೀರು ಎಷ್ಟು ಅಡಿಗೆ ಬರುತ್ತದೆ ನೋಡಬೇಕು. ಭಾರಿ ಕಟ್ಟಡವಾದರೆ ಬೋರ್ ಕೊರೆಸಿ ಮಣ್ಣಿನ ಪರೀಕ್ಷೆ ಬೇಕೇ ಬೇಕು. ಬೇಸಿಗೆಯಲ್ಲಿ ನೋಡಿದ ಜಾಗವಾದರೆ ಅಕ್ಕಪಕ್ಕದ ಹಳೆಯ ಮನೆಗಳವರನ್ನು ಕೇಳಬೇಕು, ನೀರು ಯಾವ ಮೆಟ್ಟಿಲವರೆಗೆ ಬಂದಿತ್ತು ಎಂದು ಅವರು ಕೈಯಿಟ್ಟು ತೋರಿಸುತ್ತಾರೆ.

ಇಷ್ಟರಲ್ಲಿ ಯಾವುದಾದರೂ ಒಂದಕ್ಕೆ ಉತ್ತರ ಸಿಗದಿದ್ದರೆ ಕಾರ್ಯಕ್ರಮದ ಹೆಸರು ಬದಲಿಸುವುದೇ ಮೇಲು. ಅದನ್ನು ಅತಿಥಿಯ ಕಚೇರಿಗೆ ತಿಳಿಸಲು ಮುಜುಗರಪಡಬೇಕಿಲ್ಲ. ಯೋಜನೆಯ ಘೋಷಣೆ ಮಾಡಿಸಬಹುದು, ಮಾದರಿಯ ಅನಾವರಣ ಮಾಡಿಸಬಹುದು, ಗಿಡ ನೆಡಿಸಬಹುದು. 1961ರ ಫೆಬ್ರವರಿಯಲ್ಲಿ ಎರಡನೇ ಎಲಿಜಬೆತ್ ಬೆಂಗಳೂರಿಗೆ ಬಂದಾಗ ಲಾಲ್‌ಬಾಗಿನಲ್ಲಿ ಅವರ ಕೈಯಿಂದ ಮಾಡಿಸಿದ್ದು ಅದನ್ನೇ, ಒಂದು ಅರಾಕೇರಿಯಾ ಸಸಿ ನೆಡಿಸಿದರು. ಗಿಡಕ್ಕೆ ಬೇಕಾದದ್ದು ಗುಂಡಿ, ಗೊಬ್ಬರ, ನೀರು ಹಾಕುವ ಮಾಲಿ.

ಕಲ್ಲೇ ಇಡಬೇಕೆಂದಾದರೆ ಕೆತ್ತನೆಯ ಕರಡನ್ನು ಎರಡು ಭಾಗ ಮಾಡಿ. ಕಲ್ಲಿನ ಮೇಲೆ ಅತಿಥಿಯ ಹೆಸರು, ಕಟ್ಟಡದ ಹೆಸರು ಮಾತ್ರ ಮೊದಲು ಕೆತ್ತಿಸಿ. ತಾರೀಕಿನ ಸಾಲಿಗೆ ಜಾಗ ಬಿಟ್ಟು, ಕಾರ್ಯಕ್ರಮ ಖಚಿತವಾದ ಮೇಲೆ, ಹಿಂದಿನ ಎರಡು ದಿನದಲ್ಲಿ ಕೆತ್ತಿಸಿ. ಕಲ್ಲಿನ ಹಿಂಬದಿಯಲ್ಲಿ, ಗೋಡೆಯೊಳಗೆ ಮರೆಯಾಗುವ ಮುಖದ ಮೇಲೆ, ಸರ್ವೇ ನಂಬರು, ಸಮುದ್ರಮಟ್ಟದಿಂದ ಎತ್ತರ, ಕಲ್ಲು ಕೂರಿಸಿದ ಮೇಸ್ತ್ರಿಯ ಹೆಸರು ಬರೆಸಿ, ಅದರ ಒಂದು ಫೋಟೊವನ್ನು ಕಡತಕ್ಕೆ ಸೇರಿಸಿ. ಮುಂದೆ ಯಾರಾದರೂ ಆ ಕಲ್ಲನ್ನು ಎಬ್ಬಿಸಬೇಕಾಗಿ ಬಂದರೆ, ಅದು ಮೊದಲು ಎಲ್ಲಿ ಕೂತಿತ್ತು, ಯಾಕೆ ಅಲ್ಲಿ ಕೂತಿತ್ತು ಎಂಬುದಕ್ಕೆ ಆ ಹಿಂಬದಿಯೇ ದಾಖಲೆ.